ದಿಲ್ಲಿಯ ಗೊರವಂಕ

ದಿಲ್ಲಿಗೆ ಬಂದು ಮೂವತ್ತನಾಲ್ಕು ವರ್ಷಗಳಾದವು. ಊರಿನಿಂದ ಬಂದ ನೆಂಟರಿಗೆ ತೋರಿಸಲೆಂದು ತಾಜಮಹಲಿಗೆ ಎಷ್ಟು ಸಲ ಹೋಗಿದ್ದೇವೋ ಲೆಕ್ಕವಿಲ್ಲ. ನಮಗಾಗಿಯೇ ಹೊರಟದ್ದು ಈ ಮಾಗಿಯಲ್ಲಿ ಮೊದಲ ಸಲ. ನೌಕರಿ ಮುಗಿದಿತ್ತು, ಯುಗಾದಿಯ ಹೊತ್ತಿಗೆ ಮನೆ ಮಾರಿ, ಸಾಗರದ ಹತ್ತಿರದ ನಮ್ಮ ಹಳ್ಳಿಗೆ ಮರಳುವುದೆಂದು ನಿಶ್ಚಯಿಸಿದ್ದೆವು. ಮಗಳು ಮಾತ್ರ ಒಪ್ಪಿರಲಿಲ್ಲ. "ಅಪ್ಪ, ಅದು ನಿಮ್ಮೂರು. ನನ್ನೂರು ಇದೇ" ಎಂದವಳು, ಮುಖ ಊದಿಸಿಕೊಂಡೇ ನಮ್ಮೊಡನೆ ಬೆಳಗಿನ ರೈಲು ಹತ್ತಿದಳು.

ಹೊರಗೆ ದಟ್ಟ ಮಂಜು. ಮಥುರೆಯವರೆಗೂ ಕಿಟಕಿಯಲ್ಲಿ ಏನೂ ಕಾಣಲಿಲ್ಲ. ಕಟ್ಟಿತಂದ ಚಿತ್ರಾನ್ನ ಮುಗಿದ ಮೇಲೆ ಮಗಳು ಮೊಬೈಲಿನಲ್ಲಿ ಒಂದು ಜಾಝ್ ಸಂಗೀತ ಕೇಳಿಸಿದಳು. ದಾಸರ ಪದಗಳಿಗೆ ಪಳಗಿದ ನಮ್ಮ ಕಿವಿಗೆ ಅದು ಗದ್ದಲವೆನಿಸಿತು. ಆದರೆ ಅದರ ಹಿಂದಿನ ಕಥೆ ಕೇಳಿದಾಗ ಕಿವಿ ನಿಮಿರಿತು.

1963ರಲ್ಲಿ ಅಮೆರಿಕದ ಡ್ಯೂಕ್ ಎಲಿಂಗ್ಟನ್, ಅಲ್ಲಿಯ ಸರಕಾರದ ಪರವಾಗಿ, ತಮ್ಮ ವಾದ್ಯವೃಂದದೊಡನೆ ಪಶ್ಚಿಮ ಏಷ್ಯ ಮತ್ತು ಭಾರತದ ಸಂಚಾರಕ್ಕೆ ಬಂದರು. ಜೊತೆಯಲ್ಲಿ ಸಂಗೀತ ರಚನೆಯ ಸಂಗಾತಿ ಬಿಲ್ಲಿ ಸ್ಟ್ರೇಹಾರ್ನ್. ದಿಲ್ಲಿಯಲ್ಲಿ ಅವರು ಇಳಿದಿದ್ದ ಕೋಣೆಯ ಬಳಿ ಒಂದು ಗೊರವಂಕ. ಇವರು ಮಾತನಾಡಿಸಿದಾಗಲೆಲ್ಲ ಅದೇ ಒಂದು ಸೊಗಸಾದ ಸ್ವರವನ್ನು ಹಾಡಿ ಉತ್ತರ ಕೊಡುತ್ತಿತ್ತಂತೆ. ಇವರು ಊರು ಬಿಡುವಾಗ ಮಾತ್ರ ಒರಟಾಗಿ ಅಣಕಿಸಿತಂತೆ!

ಆ ನವೆಂಬರಿನಲ್ಲಿ ಅಧ್ಯಕ್ಷ ಕೆನಡಿಯವರ ಕೊಲೆಯಾದಾಗ ವಾದ್ಯವೃಂದ ಅಂಕಾರಾದಲ್ಲಿತ್ತು. ಸಂಚಾರ ಅಲ್ಲಿಗೇ ನಿಂತಿತು. ನಮ್ಮ ರಾಗಗಳನ್ನು ನಕಲು ಮಾಡುವ ಆತುರ ಎಲಿಂಗ್ಟನ್ನರಿಗಿರಲಿಲ್ಲ. ಕಂಡದ್ದು ಕೇಳಿದ್ದು ಉಪ್ಪಿನಕಾಯಿಯಂತೆ ಒಳಗೇ ಕಳಿಯಲೆಂದು ಬಿಟ್ಟರು. 'ಫಾರ್ ಈಸ್ಟ್ ಸೂಟ್' ಧ್ವನಿಮುದ್ರಣಗೊಂಡದ್ದು 1966ರ ಡಿಸೆಂಬರಿನಲ್ಲಿ, ನ್ಯೂಯಾರ್ಕಿನಲ್ಲಿ. ಅದರ 'ಬ್ಲೂಬರ್ಡ್ ಆಫ್ ದೆಲ್ಲಿ'ಯಲ್ಲಿ ಜಿಮ್ಮಿ ಹ್ಯಾಮಿಲ್ಟನ್ನರ ಕ್ಲಾರಿನೆಟ್ಟೇ ನಮ್ಮ ಗೊರವಂಕ. ಕಡೆಯಲ್ಲಿ ಆ ಅಣಕವೂ ಉಂಟು. ಮುಂದಿನ ಮೇ ತಿಂಗಳಲ್ಲಿ ಸ್ಟ್ರೇಹಾರ್ನ್ ತೀರಿಕೊಂಡರು.

ಅದೇ ಮಾಲಿಕೆಯಲ್ಲಿ 'ಆಗ್ರಾ' ಎಂಬುದೂ ಒಂದು. ತಾಜಮಹಲನ್ನು ನೆನೆದು ರಚಿಸಿದ್ದು. ತಾಜಿನ ಮುಂದಿನ ಕಲ್ಲುಬೆಂಚಿನಲ್ಲಿ ಕುಳಿತು ಅದನ್ನು ಕೇಳಿದೆವು. ಹ್ಯಾರಿ ಕಾರ್ನೆಯವರ ಬ್ಯಾರಿಟೋನ್ ಸ್ಯಾಕ್ಸೊಫೋನು ತಗ್ಗಿದ, ತೂಕದ ದನಿಯಲ್ಲಿ ನುಡಿಯುತ್ತಿದ್ದಂತೆ ಎದುರಿನ ಮಂಜು ಮೆಲ್ಲನೆ ಸರಿಯಿತು. ಮೊದಲು ಗುಮ್ಮಟ, ಆಮೇಲೆ ಮಿನಾರುಗಳು. ನೆಂಟರಿಗೆ ಅವಸರದಲ್ಲಿ ತೋರಿಸುತ್ತಿದ್ದ ಕಟ್ಟಡ ಇದೇಯೇ ಎನಿಸಿತು.

ರಾತ್ರಿ ಪೇಠಾದ ಪೊಟ್ಟಣದೊಡನೆ ಮನೆ ಸೇರಿದೆವು. ಮರುದಿನ ಬೆಳಗ್ಗೆ ಕಾಫಿ ಹಿಡಿದು ಹಿತ್ತಿಲ ಬಾಗಿಲಿಗೆ ಬಂದರೆ ಬೇವಿನ ಮರದಲ್ಲಿ ಎರಡು ಗೊರವಂಕಗಳು. ಪರದೇಶದವರೊಬ್ಬರು ಕೆಲವೇ ದಿನ ಇದ್ದು ಒಂದು ಹಕ್ಕಿಯ ಗುರುತು ಹಿಡಿದು ಹೋದರು. ನಾವು ಇಷ್ಟು ವರ್ಷ ಇದ್ದೂ, ಹೊರಡುವ ದಾರಿಯನ್ನೇ ನೋಡುತ್ತಿದ್ದೆವು.

ಯುಗಾದಿಗೆ ನಾವು ಹೊರಡುವುದು ಖಂಡಿತ. ಆದರೆ ಮನೆ ಮಾರುವ ಮಾತನ್ನು ಬಿಟ್ಟಿದ್ದೇವೆ; ಮಗಳು ಇಲ್ಲಿಯೇ ಇರುತ್ತಾಳೆ. ಇದನ್ನು ಹೇಳಿದಾಗ ಅವಳು ನಕ್ಕು, "ಅಮ್ಮ, ನೀವು ಹೊರಟ ದಿನ ಗೊರವಂಕ ಅಣಕಿಸುತ್ತದೆ, ನೋಡು" ಎಂದಳು. ಅಣಕಿಸಲಿ. ಅಷ್ಟರೊಳಗೆ ಅದನ್ನು ದಿನವೂ ಮಾತನಾಡಿಸುವುದೆಂದು ಮಾಡಿದ್ದೇವೆ.