ಒಂದು ಸಾಲು ಎಂದರೆ ಏನು?

ಕನ್ನಡದ ಮೇಷ್ಟರಿಗೂ ಅಂಕಿ-ಅಂಶಗಳಿಗೂ ಎಣ್ಣೆ-ಸೀಗೆಕಾಯಿಯ ಸಂಬಂಧವೆಂದು ಲೋಕದ ನಂಬಿಕೆ. ಆದರೂ ಸಂಶೋಧನೆಯ ಪಟ್ಟಿಗಳನ್ನು ಹಿಡಿದು ಮನೆಗೆ ಬರುವ ವಿದ್ಯಾರ್ಥಿಗಳು ಉಂಟು. ಅವರಿಗೆ ನಾನು ಹಾಕುವ ಪ್ರಶ್ನೆ ಒಂದೇ: "ಇದರಲ್ಲಿ ಒಂದು ಸಾಲು ಎಂದರೆ ಏನಪ್ಪಾ?"

ಈಚೆಗೆ ಹುಡುಗನೊಬ್ಬ ಗಾಬರಿಯಿಂದ ಬಂದ. 2001ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಸಾಲಿನಲ್ಲಿ 25,36,069 ಜನ. 2011ರಲ್ಲಿ ಅದೇ ಹೆಸರಿನ ಮುಂದೆ 15,36,401. "ಹತ್ತು ಲಕ್ಷ ಜನ ಗುಳೆ ಹೋದರೇ, ಸಾರ್?" ಎಂದು ಕೇಳಿದ. ಬತ್ತಿದ ಕೆರೆ, ಬರಿದಾದ ಕೊಳವೆಬಾವಿ, ಬೆಂಗಳೂರಿನ ಸೆಳೆತ ಎಂದು ಕಾರಣಗಳ ಅಧ್ಯಾಯವೇ ಸಿದ್ಧವಾಗಿತ್ತು! ವಾಸ್ತವದಲ್ಲಿ ಅಂಥ ಗುಳೆ ನಡೆದೇ ಇರಲಿಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗುಡಿಬಂಡೆ ಎಂಬ ಆರು ತಾಲ್ಲೂಕುಗಳು ಸೇರಿ ಚಿಕ್ಕಬಳ್ಳಾಪುರ ಜಿಲ್ಲೆಯಾದವು. ಅಲ್ಲಿನ 12,55,104 ಜನ ಬೇರೊಂದು ಸಾಲಿನಲ್ಲಿ ನೆಮ್ಮದಿಯಾಗಿದ್ದರು. ಎರಡು ಸಾಲುಗಳನ್ನೂ ಕೂಡಿದಾಗ 27,91,505 ಆಯಿತು. ಹತ್ತು ವರ್ಷಗಳಲ್ಲಿ ಎರಡೂವರೆ ಲಕ್ಷ ಜನ ಹೆಚ್ಚಿದ್ದರು.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಿ. ಅಲ್ಲಿ ಹರಾಜಾಗುವುದು ಲಾಟು. ಲಾಟಿಗೊಂದು ಸಾಲಿನಂತೆ ಬರೆದ ಪಟ್ಟಿಯಲ್ಲಿ, ವರ್ಷಕ್ಕೆ ಐದು ಬೆಳೆ ತೆಗೆಯುವ ರೈತ ಐದು ಸಲವಾದರೂ ಕಾಣಿಸಿಕೊಳ್ಳುತ್ತಾನೆ. ಸಾಲುಗಳನ್ನು ಎಣಿಸಿ "ಇಷ್ಟು ಕುಟುಂಬಗಳು" ಎಂದರೆ, ಒಂದೇ ಮನೆಯ ಒಲೆಯನ್ನು ಐದು ಬಾರಿ ಎಣಿಸಿದಂತಾಯಿತು.

ಇನ್ನು ಹಳ್ಳಿಗಳ ಪಟ್ಟಿ. ಅದರಲ್ಲಿ ಕೆಲವು ಗ್ರಾಮಗಳ ಜನಸಂಖ್ಯೆ ಸೊನ್ನೆ! ಇವೇ ಬೇಚಿರಾಕ್ ಗ್ರಾಮಗಳು. ಪಾರಸಿಯ 'ಚಿರಾಗ್' ಎಂದರೆ ದೀಪ; ದೀಪ ಹಚ್ಚುವವರಿಲ್ಲದ ಊರು ಎಂದರ್ಥ. ಜನರಿಲ್ಲದಿದ್ದರೂ ಕಂದಾಯದ ಲೆಕ್ಕದಲ್ಲಿ ಅದೊಂದು ಗ್ರಾಮ, ಅದಕ್ಕೊಂದು ಸಾಲು. ಇತ್ತ ಮಕ್ಕಳುಮರಿಗಳಿಂದ ತುಂಬಿದ ಹಟ್ಟಿಯೊಂದು ಕಂದಾಯ ಗ್ರಾಮವಾಗಿಲ್ಲದಿದ್ದರೆ, ಅದರ ಜನರೆಲ್ಲ ಮೂಲ ಗ್ರಾಮದ ಸಾಲಿನೊಳಗೇ ಅಡಗಿರುತ್ತಾರೆ. ಶಾಲೆಯನ್ನೋ ಕುಡಿಯುವ ನೀರನ್ನೋ ಹಂಚಲು ಹೊರಟವರು ಸಾಲನ್ನೇ ಊರೆಂದು ಬಗೆದರೆ, ದೀಪವಿಲ್ಲದ ಊರು ಲೆಕ್ಕಕ್ಕೆ ಬಂದು, ದೀಪ ಉರಿಯುವ ಹಟ್ಟಿ ಕತ್ತಲಲ್ಲಿ ಉಳಿದೀತು.

ಆದ್ದರಿಂದ ಪಟ್ಟಿಯ ತಲೆಯ ಮೇಲೆ ಒಂದು ವಾಕ್ಯವನ್ನು ಬರೆಯಿಸುತ್ತೇನೆ: ಇಲ್ಲಿ ಒಂದು ಸಾಲು ಎಂದರೆ ಒಬ್ಬ ಮನುಷ್ಯನೋ, ಒಂದು ಮನೆಯೋ, ಒಂದು ಲಾಟೋ, ಯಾವ ವರ್ಷದ ಯಾವ ಜಿಲ್ಲೆಯೋ ಎಂದು. ಅದು ಸ್ಪಷ್ಟವಾದ ಮೇಲೆ ಕೂಡುವುದು, ಕಳೆಯುವುದು ಇದ್ದೇ ಇದೆ.