ಒಂದು ಗುಟುಕು ನೀರಿನ ವಿಚಾರ

ಗೆಳೆಯರೇ, ನಿಮ್ಮ ಮನೆಯ ಹಸು ಕಲಗಚ್ಚು ಕುಡಿಯುವುದನ್ನು ಒಮ್ಮೆ ನಿಂತು ನೋಡಿ. ಬಾಯಿ ಕೆಳಗೆ ಬಾನಿಯಲ್ಲಿ, ಹೊಟ್ಟೆ ಅದಕ್ಕಿಂತ ಮೇಲೆ. ಕುಡಿದದ್ದು ಕುತ್ತಿಗೆಯುದ್ದಕ್ಕೂ ಹತ್ತಿಕೊಂಡು ಹೋಗಬೇಕು. ಭೂಮಿ ಎಲ್ಲವನ್ನೂ ಕೆಳಕ್ಕೆ ಎಳೆಯುತ್ತದೆ ಎಂದು ಪಾಠದಲ್ಲಿ ಓದಿದ್ದೇವೆ. ಹಾಗಾದ್ರೆ ಇದು ಮೇಲೆ ಹತ್ತೋದು ಹೇಗೆ? ವಿಜ್ಞಾನದ ಮೇಷ್ಟ್ರನ್ನು ಕೇಳಿದೆ.

ಬಾಯಿಂದ ಹೊಟ್ಟೆಗೆ ಹೋಗುವ ಅನ್ನನಾಳ ಬರೀ ಕೊಳವೆಯಲ್ಲ, ಅದರ ಸುತ್ತ ಸ್ನಾಯುಗಳಿವೆ ಎಂದರು. ತುತ್ತಿನ ಹಿಂದೆ ನಾಳ ಬಿಗಿಯುತ್ತದೆ, ಮುಂದೆ ಸಡಿಲವಾಗುತ್ತದೆ. ಹೀಗೆ ಅಲೆಯಂತೆ ಹಿಂಡುತ್ತಾ ತುತ್ತನ್ನು ತಳ್ಳುತ್ತದೆ. ದೊಡ್ಡವರಲ್ಲಿ ಈ ನಾಳ ಸುಮಾರು 25 ಸೆಂಟಿಮೀಟರ್ ಉದ್ದ. ತುತ್ತು ಹೊಟ್ಟೆ ಸೇರಲು 8–10 ಸೆಕೆಂಡು ಸಾಕು. ಕೂತು ನೀರು ಕುಡಿದರೆ ಭೂಮಿಯೂ ಸ್ವಲ್ಪ ಸಹಾಯ ಮಾಡುತ್ತದೆ, ಆದರೆ ಅದಿಲ್ಲದೆಯೂ ಕೆಲಸ ನಡೆಯುತ್ತದೆ. ಹಸುವಿನದಂತೂ ಇನ್ನೂ ಜೋರು. ಮೆಲುಕು ಹಾಕುವಾಗ ಅದೇ ನಾಳದಲ್ಲಿ ಹುಲ್ಲು ಬಾಯಿಗೆ ವಾಪಸ್ ಬರುತ್ತೆ! ಕೋಳಿಗೆ ಆ ಭಾಗ್ಯ ಇಲ್ಲ, ಪಾಪ. ಒಂದು ಗುಟುಕು ತಗೊಂಡು ಆಕಾಶ ನೋಡಲೇಬೇಕು. ಪಾರಿವಾಳ ಮಾತ್ರ ತಲೆ ಎತ್ತದೆ ಹೀರುತ್ತದೆ.

ತೂಕವೇ ಇಲ್ಲದಂತಾಗುವ ಬಾಹ್ಯಾಕಾಶದಲ್ಲಿ ನುಂಗಲು ಆಗುತ್ತೋ ಇಲ್ಲವೋ ಎಂಬ ಅನುಮಾನ ಹಿಂದೆ ಇತ್ತಂತೆ. 1962ರಲ್ಲಿ ಅಮೆರಿಕದ ಜಾನ್ ಗ್ಲೆನ್ ಭೂಮಿಯನ್ನು ಸುತ್ತುತ್ತಾ ಟ್ಯೂಬಿನಿಂದ ಅರೆದ ಸೇಬನ್ನು ಬಾಯಿಗೆ ಹಿಂಡಿಕೊಂಡರು. ಸಲೀಸಾಗಿ ಇಳಿಯಿತು. 1984ರಲ್ಲಿ ನಮ್ಮ ರಾಕೇಶ್ ಶರ್ಮಾ ಹೋದಾಗ ಅವರಿಗೆ ತಿಂಡಿ ತಯಾರಿಸಿ ಕೊಟ್ಟಿದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ.

ಇದನ್ನೆಲ್ಲ ನಾನು ಯಾಕೆ ಕೇಳಿ ತಿಳ್ಕೊಂಡೆ ಅಂದ್ರೆ ನಮ್ಮಜ್ಜಿಗಾಗಿ. ಹೋದ ವರ್ಷ ಅಜ್ಜಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಗಿದ್ದು ಎಲ್ಲರಿಗೂ ಕಂಡಿತು. ಗಂಟಲಿನ ಶಕ್ತಿ ಹೋಗಿದ್ದು ಯಾರಿಗೂ ಕಾಣಲಿಲ್ಲ. ಒಂದು ಗುಟುಕು ನೀರಿಗೆ ಕೆಮ್ಮಿ ಕೆಮ್ಮಿ ಸುಸ್ತಾಗೋರು. ನೋಡಲು ಬಂದ ನೆಂಟರು, "ಕತ್ತು ಹಿಂದಕ್ಕೆ ಮಾಡಿ ಬಾಯಿಗೆ ಸುರೀರಿ, ತಾನೇ ಇಳಿಯುತ್ತೆ" ಅಂದ್ರು. ಆಸ್ಪತ್ರೆಯ ಸಿಸ್ಟರ್ ಬೇಡವೇ ಬೇಡ ಅಂದರು. ನುಂಗುವಾಗ ಗಂಟಲಿನ ಸ್ನಾಯುಗಳು ಶ್ವಾಸನಾಳದ ಬಾಯನ್ನು ಮುಚ್ಚಬೇಕು. ಅಜ್ಜಿಗೆ ಅದು ನಿಧಾನ. ಅಷ್ಟರಲ್ಲಿ ನೀರು ಸರ್ರನೆ ಇಳಿದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು. ಹಸುವಿಗೆ ಲೆಕ್ಕಕ್ಕೇ ಇಲ್ಲದ ಭೂಮಿಯ ಎಳೆತ ಅಜ್ಜಿಗೆ ವೈರಿ!

ಈಗ ಸಿಸ್ಟರ್ ಹೇಳಿಕೊಟ್ಟ ಹಾಗೆ ಅಜ್ಜಿಯನ್ನು ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ತಗ್ಗಿಸಿ, ಮಂದವಾದ ರಾಗಿ ಗಂಜಿಯನ್ನು ಸಣ್ಣ ಚಮಚದಲ್ಲಿ ಕೊಡ್ತೇವೆ. ಮಂದವಾದ್ದು ಮೆಲ್ಲಗೆ ಹೋಗುತ್ತೆ, ಗಂಟಲಿಗೆ ಸಮಯ ಸಿಗುತ್ತೆ. ಒಂದು ಚಮಚ ನುಂಗಿದ ಮೇಲೇ ಇನ್ನೊಂದು. ಅರ್ಧ ಲೋಟಕ್ಕೆ ಅರ್ಧ ಗಂಟೆ. ಬೆಳಗಿನ ಪಾಳಿ ನನ್ನದು. ಕೆಲವು ದಿನ ಪ್ರಾರ್ಥನೆ ಮುಗಿಯುವಾಗ ನಾನು ಗೇಟಿನ ಹತ್ತಿರ ಓಡಿಬರುತ್ತಿರುವುದು ಅದಕ್ಕೇ.