ಉಪವಾಸ ಕೂರುವ ಅಪ್ಪ

ಉಪ್ಪುನೀರಿನ ಅಕ್ವೇರಿಯಂ ಕಂಡಲ್ಲೆಲ್ಲ ನನ್ನ ಕಣ್ಣು ಮೊದಲು ಹುಡುಕುವುದು ಬಂಗಾಯ್ ಕಾರ್ಡಿನಲ್ ಮೀನನ್ನು. ಎಂಟು ಸೆಂಟಿಮೀಟರಿನ ಜೀವ. ಬೆಳ್ಳಿ ಮೈಗೆ ಕಪ್ಪು ಪಟ್ಟೆ, ಉದ್ದನೆಯ ಕಪ್ಪು ರೆಕ್ಕೆಗಳ ಮೇಲೆ ಅಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕೆ. ಉಳಿದ ಮೀನುಗಳು ಅತ್ತಿಂದಿತ್ತ ಸುಳಿದಾಡುವಾಗ ಇದು ನಿಂತಲ್ಲೇ ತೇಲುತ್ತಿರುತ್ತದೆ. ಆ ನಿಲುವಿಗೇ ನಾನು ಸೋತದ್ದು.

ಇಂಡೊನೇಷ್ಯಾದ ಸುಲಾವೆಸಿಗೆ ಪೂರ್ವದಲ್ಲಿರುವ ಬಂಗಾಯ್ ದ್ವೀಪಗಳು ಇದರ ತವರು. ಸ್ವೀಡನ್ನಿನ ವಾಲ್ಟರ್ ಕೌಡರ್ನ್ 1920ರಲ್ಲಿ ಹಿಡಿದು ತಂದ ಮಾದರಿಗಳಿಗೆ 1933ರಲ್ಲಿ ವೈಜ್ಞಾನಿಕ ಹೆಸರು ಸಿಕ್ಕಿತು. ಆಮೇಲೆ ಅರವತ್ತು ವರ್ಷ ಅದರ ಸುದ್ದಿಯೇ ಇಲ್ಲ. 1994ರಲ್ಲಿ ಮೀನುತಜ್ಞ ಜೆರಾಲ್ಡ್ ಆಲನ್ ಮತ್ತೆ ಹುಡುಕಿ ಕಂಡರು. ವ್ಯಾಪಾರಿಗಳೂ ಬೆನ್ನಿಗೇ ಬಂದರು.

ಅಲೆಯ ಅಬ್ಬರವಿಲ್ಲದ ಕೊಲ್ಲಿ, ಆಳು ಮುಳುಗುವಷ್ಟು ನೀರು, ಕಡಲಹುಲ್ಲು, ಹವಳ. ಅಲ್ಲಿ ಡಯಾಡೆಮಾ ಎಂಬ ಉದ್ದಮುಳ್ಳಿನ ಸೀ ಅರ್ಚಿನ್‌ಗಳ ಸುತ್ತ ಇವು ಗುಂಪಾಗಿರುತ್ತವೆ. ಅಪಾಯ ಕಂಡರೆ ಮುಳ್ಳುಗಳ ನಡುವೆ ನುಸುಳಿಬಿಡುತ್ತವೆ. ಆ ಅರ್ಚಿನ್‌ಗಳನ್ನೂ ಜನ ಕಿತ್ತೊಯ್ಯುತ್ತಾರೆ. ಮೀನಿಗೆ ಆಗ ಅಡಗಲು ತಾವಿಲ್ಲ.

ಹೆಣ್ಣು ಮೊಟ್ಟೆಯಿಟ್ಟ ಕೂಡಲೇ ಗಂಡು ಅವನ್ನು ಬಾಯಿಗೆ ತೆಗೆದುಕೊಳ್ಳುತ್ತದೆ. ಮೊಟ್ಟೆ ಒಡೆಯಲು ಸುಮಾರು ಇಪ್ಪತ್ತು ದಿನ, ಮರಿಗಳು ಒಳಗೇ ಬಲಿಯಲು ಮತ್ತೊಂದು ವಾರ. ಅಲ್ಲಿಯವರೆಗೂ ಅಪ್ಪ ಉಪವಾಸ. ನಮ್ಮ ಕೆರೆಗಳಿಗೆ ಬಂದು ಸೇರಿದ ಜಿಲೇಬಿ ಮೀನೂ ಹೀಗೆ ಬಾಯಲ್ಲಿಟ್ಟು ಕಾಯುತ್ತದೆ, ಆದರೆ ಅಲ್ಲಿ ಕಾಯುವವಳು ತಾಯಿ. ಹೊರಬಿಟ್ಟ ಮರಿ ಹೆದರಿ ಓಡಿಬಂದರೆ ಮತ್ತೆ ಬಾಯಿ ತೆರೆಯುತ್ತಾಳೆ. ಬಂಗಾಯ್ ಅಪ್ಪ ಒಮ್ಮೆ ಬಿಟ್ಟರೆ ಬಿಟ್ಟಂತೆ. ಹಸಿದ ದೊಡ್ಡ ಮೀನುಗಳು ಮರಿಗಳನ್ನು ನುಂಗುವುದೂ ಉಂಟು. ಇದನ್ನು ಓದಿದ ದಿನ ನನಗೆ ಸಂಕಟವಾಗಿತ್ತು.

ಕಡಲಿನ ಬಹುಪಾಲು ಮೀನುಗಳ ಮರಿಗಳು ಹುಟ್ಟಿದೊಡನೆ ಪ್ರವಾಹಕ್ಕೆ ಸಿಕ್ಕಿ ದೂರದೂರ ಹೋಗಿ ನೆಲೆಸುತ್ತವೆ. ಬಂಗಾಯ್ ಮರಿಗೆ ಆ ಅಲೆದಾಟವಿಲ್ಲ. ಅಪ್ಪನ ಬಾಯಿಂದ ಹೊರಬಂದಾಗಲೇ ಅದು ಅಪ್ಪನ ಪುಟ್ಟ ಪಡಿಯಚ್ಚು. ಹತ್ತಿರದ ಮುಳ್ಳಿನ ನೆರಳಿಗೆ ಹೋಗಿ ಅಲ್ಲೇ ಬದುಕುತ್ತದೆ. ಹಾಗಾಗಿ ಒಂದು ದ್ವೀಪದ ಮೀನಿಗೂ ಪಕ್ಕದ ದ್ವೀಪದ ಮೀನಿಗೂ ವಂಶವಾಹಿಗಳಲ್ಲೇ ವ್ಯತ್ಯಾಸ. ಒಂದು ಕೊಲ್ಲಿಯನ್ನು ಬಲೆ ಹಾಕಿ ಬರಿದುಮಾಡಿದರೆ ಅದನ್ನು ತುಂಬಲು ಬೇರೆಲ್ಲಿಂದಲೂ ಮರಿಗಳು ತೇಲಿ ಬರುವುದಿಲ್ಲ. 2007ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಮರಿ ಅಲೆದಾಡದೆ ಬಲಿತೇ ಹೊರಬರುವ ಗುಣದಿಂದಾಗಿ ಇದನ್ನು ತೊಟ್ಟಿಯಲ್ಲಿ ಮರಿ ಮಾಡಿಸುವುದು ಬೇರೆ ಕಡಲಮೀನುಗಳಿಗಿಂತ ಸುಲಭ. ಹೊರಬಂದ ಮರಿ ಆಗತಾನೇ ಒಡೆದ ಆರ್ಟೀಮಿಯಾ ಸೀಗಡಿಯನ್ನು ತಿನ್ನಬಲ್ಲದು. ಹಾಗಿರುವಾಗ ಇನ್ನೂ ಆ ಕೊಲ್ಲಿಗಳಿಂದಲೇ ಹಿಡಿದು ತರುವುದನ್ನು ನಾನಂತೂ ಒಪ್ಪಲಾರೆ.